ಒಬ್ಬರೇ ಸೈಕಲ್ ಹೊಡೆಯುವ ಅಪ್ಪನ ಮೈಮೇಲೆ ಯಾವ ಗುರುತು ಇರಬೇಕು?

ಯಲಹಂಕದ ಮಗಳು:
ನಮಸ್ಕಾರ. ಅಪ್ಪನಿಗೆ 61 ವರ್ಷ. ಹೃದಯಕ್ಕೆ ಸ್ಟೆಂಟ್ ಹಾಕಿದೆ, ಸಕ್ಕರೆ ಕಾಯಿಲೆಯೂ ಇದೆ. ಡಾಕ್ಟರು ಒಪ್ಪಿದ ಮೇಲೆ ಸೈಕಲ್ ಶುರು ಮಾಡಿದ್ದಾರೆ. ಭಾನುವಾರ ಬೆಳಕು ಹರಿಯುವ ಮೊದಲೇ ಹೊರಟು, ದೇವನಹಳ್ಳಿ ದಾಟಿ ನಂದಿ ಬೆಟ್ಟದ ಬುಡದವರೆಗೆ ಹೋಗಿ ಬರುತ್ತಾರೆ. ಹೆಚ್ಚಾಗಿ ಒಬ್ಬರೇ. ಪರ್ಸ್ ಒಯ್ಯುವುದಿಲ್ಲ. ಜೇಬಿನಲ್ಲಿ ಇಡ್ಲಿ, ಕಾಫಿಗೆ ಒಂದಿಷ್ಟು ದುಡ್ಡು. ಫೋನು ಸೀಟಿನ ಕೆಳಗಿನ ಚೀಲದಲ್ಲಿ, ಅದಕ್ಕೂ ಬೆರಳಚ್ಚಿನ ಲಾಕ್.

ದಾರಿಯಲ್ಲಿ ಏನಾದರೂ ಆದರೆ ಇವರು ಯಾರು, ಯಾವ ಮಾತ್ರೆ ತಗೊಳ್ತಾರೆ ಅಂತ ಯಾರಿಗೂ ಗೊತ್ತಾಗುವುದಿಲ್ಲ ಅಲ್ವಾ? ಈ ಮಾತು ಎತ್ತಿದರೆ ಅಮ್ಮ "ಬಿಡ್ತು ಅನ್ನು" ಅಂತಾರೆ. ಅಪ್ಪ "ಫೋನ್ ಇದೆಯಲ್ಲ" ಅಂತಾರೆ. ಆನ್‌ಲೈನ್‌ನಲ್ಲಿ ಕ್ಯೂಆರ್ ಕೋಡ್ ಇರುವ ಕೈಪಟ್ಟಿ ಸಿಗುತ್ತೆ. ಅದೊಂದೇ ಸಾಕಾ? ಬಳಸುತ್ತಿರುವವರು ದಯವಿಟ್ಟು ಹೇಳಿ.

ಬ್ರೆವೆ ಸವಾರ:
ಫೋನ್‌ನಿಂದಲೇ ಶುರು ಮಾಡಿ, ಖರ್ಚಿಲ್ಲ. ಐಫೋನ್ ಆದರೆ ಹೆಲ್ತ್ ಆ್ಯಪ್‌ನಲ್ಲಿ ಮೆಡಿಕಲ್ ಐಡಿ ತುಂಬಿ, ಲಾಕ್ ಆಗಿದ್ದಾಗಲೂ ಕಾಣುವ ಹಾಗೆ ಆನ್ ಮಾಡಿ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ 'ಎಮರ್ಜೆನ್ಸಿ' ಅಂತ ಹುಡುಕಿ. ಆದರೆ ರಸ್ತೆಯಲ್ಲಿ ಓಡಿ ಬಂದವರಿಗೆ ಇದನ್ನೆಲ್ಲ ಎಲ್ಲಿ ಒತ್ತಿ ನೋಡಬೇಕು ಅಂತ ಗೊತ್ತಿರೋದು ಕಮ್ಮಿ. ಅದಕ್ಕೇ ನಾನು ಲಾಕ್ ಸ್ಕ್ರೀನಿನ ಚಿತ್ರದಲ್ಲೇ ಮನೆಯ ನಂಬರ್ ದೊಡ್ಡದಾಗಿ ಹಾಕಿಟ್ಟಿದ್ದೇನೆ.

ಕ್ಯೂಆರ್ ಒಂದನ್ನೇ ನಂಬಬೇಡಿ. ಸ್ಕ್ಯಾನ್ ಮಾಡೋಕೆ ನೆಟ್ ಬೇಕು, ಆ ಕಂಪನಿ ನಡೀತಾ ಇರಬೇಕು. ಕಣ್ಣಿಗೆ ಕಾಣುವ ಅಕ್ಷರ ಇರಲಿ. ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಪಾತ್ರೆ ಮೇಲೆ ಹೆಸರು ಹಾಕಿಕೊಡುತ್ತಾರಲ್ಲ, ಆ ಮೆಷಿನ್ನಿನಲ್ಲೇ ಒಂದು ಸಣ್ಣ ಸ್ಟೀಲ್ ಬಿಲ್ಲೆಯ ಮೇಲೆ ಹೆಸರು, ಎರಡು ನಂಬರ್ ಹಾಕಿಸಿಕೊಂಡೆ. ಅಕ್ಷರ ಚುಕ್ಕಿ ಚುಕ್ಕಿಯಾಗಿ ಬರುತ್ತೆ, ಆದರೆ ಬೆರಳಾಡಿಸಿದರೂ ಗೊತ್ತಾಗುವಷ್ಟು ಆಳ ಇರುತ್ತೆ. ವಾಚಿನ ಪಟ್ಟಿಗೆ ಪೋಣಿಸಿದ್ದೇನೆ. ಬೆವರು, ಮಳೆ ಯಾವುದಕ್ಕೂ ಅಳಿಸಿಲ್ಲ.

ಕ್ಯಾಶುವಾಲಿಟಿ ಸಿಸ್ಟರ್:
ನಾನು ಎಮರ್ಜೆನ್ಸಿ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಗುರುತು ಮೈಮೇಲೇ ಇರಲಿ ಮೇಡಂ, ಸೈಕಲ್ ಮೇಲೆ ಬೇಡ. ಆಂಬುಲೆನ್ಸ್‌ನಲ್ಲಿ ನಮ್ಮ ಹತ್ತಿರ ಬರೋದು ಮನುಷ್ಯ ಮಾತ್ರ. ಸೈಕಲ್, ಹೆಲ್ಮೆಟ್, ಸೀಟಿನ ಚೀಲ ಎಲ್ಲ ಯಾವುದೋ ಟೀ ಅಂಗಡಿಯಲ್ಲಿ ಉಳಿದಿರುತ್ತವೆ. ನಾಡಿ ಹಿಡಿಯುವಾಗ ಮಣಿಕಟ್ಟು ನೋಡುತ್ತೇವೆ, ಬಟ್ಟೆ ಕತ್ತರಿಸುವಾಗ ಜೇಬು ನೋಡುತ್ತೇವೆ. ಆದರೆ ನಮ್ಮ ಕಡೆ ಗಂಡಸರ ಕೈಯಲ್ಲಿ ದೇವಸ್ಥಾನದ ದಾರಗಳೇ ಮೂರ್ನಾಲ್ಕು ಇರುತ್ತವೆ. ಕಪ್ಪು, ಕೆಂಪು ಪಟ್ಟಿ ಅವುಗಳ ನಡುವೆ ಕಣ್ಣಿಗೇ ಬೀಳಲ್ಲ. ಹಳದಿಯೋ ಕಿತ್ತಳೆಯೋ ತಗೊಳ್ಳಿ. ಜೇಬಿಗೆ ಒಂದು ಲ್ಯಾಮಿನೇಟ್ ಮಾಡಿಸಿದ ಕಾರ್ಡ್ ಹಾಕಿ.

ಎಲ್ಲರೂ ರಕ್ತದ ಗುಂಪನ್ನೇ ದೊಡ್ಡದಾಗಿ ಬರೆಸುತ್ತಾರೆ. ಅದನ್ನು ನೋಡಿಕೊಂಡು ನಾವು ರಕ್ತ ಕೊಡಲ್ಲ. ಸ್ಯಾಂಪಲ್ ತೆಗೆದು, ಗುಂಪು ನೋಡಿ, ಕ್ರಾಸ್‌ಮ್ಯಾಚ್ (ಕೊಡುವ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತಾ ಅನ್ನೋ ಪರೀಕ್ಷೆ) ಮಾಡಿಯೇ ಕೊಡೋದು. ಅಷ್ಟಕ್ಕೂ ಪುರುಸೊತ್ತಿಲ್ಲ ಅಂದರೆ ಓ ಗುಂಪಿನ ರಕ್ತ ಏರಿಸುತ್ತಾರೆ. ನಿಮ್ಮ ಅಪ್ಪನ ಕಾರ್ಡಿನಲ್ಲಿ ಮೊದಲ ಸಾಲು ರಕ್ತ ತೆಳುವಾಗಿಸುವ ಮಾತ್ರೆಯದೇ ಆಗಬೇಕು. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಏನಿದೆಯೋ ಅದರ ಹೆಸರೇ ಬರೆಯಿರಿ. ಇವನ್ನು ತಗೊಳ್ಳುವವರ ತಲೆಗೆ ಏಟು ಬಿದ್ದರೆ, ಹೊರಗೆ ಸಣ್ಣ ತರಚು ಗಾಯ ಕಂಡರೂ ಒಳಗೆ ರಕ್ತ ಸೋರುವ ಭಯ ಜಾಸ್ತಿ. ಆ ಸಾಲು ಕಣ್ಣಿಗೆ ಬಿದ್ದರೆ ಡಾಕ್ಟರು ತಲೆ ಸ್ಕ್ಯಾನ್‌ಗೆ ತಡ ಮಾಡಲ್ಲ.

ಆಮೇಲೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತರಹದ ಮಾತ್ರೆ ಇದ್ದರೆ, ಖಾಲಿ ಹೊಟ್ಟೆಯಲ್ಲಿ ತುಳಿದಾಗ ಸಕ್ಕರೆ ಇಳಿದುಬಿಡಬಹುದು. ಮಾತು ತೊದಲುತ್ತೆ, ನಡಿಗೆ ತೂರಾಡುತ್ತೆ. ಕುಡಿದಿದ್ದಾನೆ ಅಂದುಕೊಂಡು ಜನ ದೂರ ಸರಿಯುತ್ತಾರೆ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ. ಆದ್ದರಿಂದ "ನನಗೆ ಸಕ್ಕರೆ ಕಾಯಿಲೆ ಇದೆ. ಎಚ್ಚರ ಇದ್ದರೆ ಸಕ್ಕರೆ ನೀರು ಕೊಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ" ಅಂತ ಕನ್ನಡದಲ್ಲೇ ಬರೆಯಿರಿ. ಆ ಹೊತ್ತಿನಲ್ಲಿ ಅಲ್ಲಿಗೆ ಮೊದಲು ಬರೋದು ಹಾಲಿನ ಗಾಡಿಯವರು, ತೋಟಕ್ಕೆ ಹೊರಟವರು. ಔಷಧಿಯ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ, ಅದನ್ನು ಓದೋದು ನಾವು.

ಸಹಾಯ ಮಾಡಲು ಕೇಸಿಗೆ ಹೆದರುವವರು ಈಗಲೂ ಇದ್ದಾರೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ, ರಸ್ತೆ ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ಇದೆ. ನಿಮ್ಮ ಸುತ್ತಮುತ್ತ ಇದನ್ನು ಹೇಳಿ.

ಸುಬ್ರಹ್ಮಣ್ಯದ ಚಾರಣಿಗ:
ಕುಮಾರ ಪರ್ವತದ ಕಡೆ ಹೋಗುವವರಿಗೂ ಇದೇ ಮಾತು. ಕಾಡಿನೊಳಗೆ ಎಷ್ಟೋ ಕಡೆ ಸಿಗ್ನಲ್ ಇರಲ್ಲ, ಫೋನ್ ಬರೀ ಟಾರ್ಚ್ ಆಗುತ್ತೆ. ನಮ್ಮಲ್ಲಿ ದೊಡ್ಡ ಭಯ ಹೆಜ್ಜೇನು. ಜೇನು ಕಚ್ಚಿದರೆ ಅಲರ್ಜಿ ಆಗುವವರು ಕಾರ್ಡಿನಲ್ಲಿ ಬರೆದರೆ ಸಾಲದು, ಹೊರಡುವ ಮೊದಲೇ ಜೊತೆಯವರಿಗೆ ಬಾಯಿಬಿಟ್ಟು ಹೇಳಬೇಕು. ಡಾಕ್ಟರು ಅಡ್ರಿನಲಿನ್ ಚುಚ್ಚುಮದ್ದು ಬರೆದುಕೊಟ್ಟಿದ್ದರೆ ಅದು ಯಾವ ಜೇಬಿನಲ್ಲಿದೆ ಅಂತಲೂ ತೋರಿಸಿ.

ಇನ್ನೊಂದು. ಜೊತೆಗೇ ಬರುವ ಗೆಳೆಯನ ನಂಬರ್ ಬರೆಯುವವರಿದ್ದಾರೆ. ಅವನ ಫೋನೂ ಅದೇ ಕಾಡಿನಲ್ಲಿ ಇರುತ್ತೆ! ಊರಲ್ಲಿರುವವರ ನಂಬರ್ ಕೊಡಿ.

ಯಲಹಂಕದ ಮಗಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಸ್ಟರ್ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಗ್ಲಿಮಿಪಿರೈಡ್ ಅವರ ಚೀಟಿಯಲ್ಲೂ ಇದೆ. ಕಾರ್ಡ್, ಬಿಲ್ಲೆ ಎರಡಕ್ಕೂ ಒಪ್ಪಿದರು. ಮನೆ ವಿಳಾಸ, ಆಧಾರ್ ನಂಬರ್ ಹಾಕಬೇಕಾ?

ಕ್ಯಾಶುವಾಲಿಟಿ ಸಿಸ್ಟರ್:
ಎರಡೂ ಬೇಡ. ಕಾರ್ಡ್ ಎಲ್ಲಾದರೂ ಬಿದ್ದರೆ ಸುಮ್ನೆ ತಲೆನೋವು. ಹೆಸರು, ವಯಸ್ಸು, ಕಾಯಿಲೆ, ಮಾತ್ರೆ, ಅಲರ್ಜಿ, ಎರಡು ನಂಬರ್ ಇದ್ದರೆ ಆಯಿತು. ಆ ಎರಡು ನಂಬರಿನವರಿಗೆ ಭಾನುವಾರ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೂ ಎತ್ತಬೇಕು ಅಂತ ಹೇಳಿಡಿ. ಈಗೀಗ ಲೋನ್ ಕರೆ ಅಂತ ಯಾರೂ ಎತ್ತಲ್ಲ. ಕಾರ್ಡಿನ ಮೂಲೆಯಲ್ಲಿ ಬರೆದ ತಾರೀಖು ಹಾಕಿ. ಮಾತ್ರೆ ಬದಲಾದ ದಿನವೇ ಹಳೆಯದನ್ನು ಹರಿದು ಹೊಸದು ಮಾಡಿಸಿ. ಗ್ಲಿಮಿಪಿರೈಡ್ ಇದೆ ಅಂದಿರಲ್ಲ, ಏನೂ ತಿನ್ನದೆ ಅವರನ್ನು ಕಳಿಸಬೇಡಿ. ಬೆಳಗ್ಗೆ ಏನು ತಿನ್ನಬೇಕು, ಮಾತ್ರೆ ಯಾವಾಗ ತಗೊಳ್ಳಬೇಕು ಅಂತ ಅವರ ಡಾಕ್ಟರನ್ನೇ ಕೇಳಿ.