ಪದ ಬೇಕು: 'ಕಂಟ್ರಿ ಕ್ರಿಕೆಟ್'ಗೆ ಕನ್ನಡದಲ್ಲಿ ಏನಂತೀರಿ? (ಶುಕ್ರವಾರದೊಳಗೆ)

ನ್ಯೂಕ್ಯಾಸಲ್‌ನಿಂದ (ನ್ಯೂ ಸೌತ್ ವೇಲ್ಸ್, ಆಸ್ಟ್ರೇಲಿಯಾ):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್. ಇಲ್ಲಿನ ಕನ್ನಡದ ಮನೆಗಳಿಗೆ ಹಂಚಲು ಒಂದು ಪುಟದ ಕರಪತ್ರ ಮಾಡುತ್ತಿದ್ದೇನೆ. ಶುಕ್ರವಾರ ಸಂಜೆ ಪ್ರಿಂಟಿಗೆ ಹೋಗಬೇಕು. ವಿಷಯ 'ಪ್ಲಾನ್ ಬಿ ರೀಜನಲ್ ಬ್ಯಾಷ್'. ಸಿಡ್ನಿ ಬಿಟ್ಟು ಉಳಿದ ಊರುಗಳ ತಂಡಗಳು ಆಡುವ ಟಿ20 ಪಂದ್ಯಾವಳಿ. ನಮ್ಮ ನ್ಯೂಕ್ಯಾಸಲ್ ಬ್ಲಾಸ್ಟರ್ಸ್, ಸೆಂಟ್ರಲ್ ವೆಸ್ಟ್ ರಾಂಗ್ಲರ್ಸ್, ಕಾಫ್ಸ್ ಕೋಸ್ಟ್ ಚಾರ್ಜರ್ಸ್, ಹೀಗೆ. ಫೈನಲ್ ಸಿಡ್ನಿ ಕ್ರಿಕೆಟ್ ಮೈದಾನದಲ್ಲೇ ನಡೆದದ್ದುಂಟು. ಸಣ್ಣ ಊರಿನ ಹುಡುಗ ಹುಡುಗಿಯರಿಗೆ ಅದು ಸಾಮಾನ್ಯದ ಮಾತಲ್ಲ.

'ಪ್ಲಾನ್ ಬಿ' ಅನ್ನೋದು ಇಲ್ಲಿನ ಸಾರಿಗೆ ಇಲಾಖೆಯ ರಸ್ತೆ ಸುರಕ್ಷತೆ ಪ್ರಚಾರದ ಹೆಸರು, ಪಂದ್ಯಾವಳಿಯ ಸ್ಪಾನ್ಸರ್ ಅವರೇ. ಕುಡಿಯಲು ಹೋಗುವ ಮುಂಚೆಯೇ ಮನೆಗೆ ವಾಪಸ್ ಬರೋದು ಹೇಗೆ ಅಂತ ಯೋಚಿಸಿಟ್ಟುಕೊಳ್ಳಿ, ಬಸ್ಸೋ, ಟ್ಯಾಕ್ಸಿಯೋ, ಕುಡಿಯದ ಗೆಳೆಯನ ಕಾರೋ ಅಂತ.

ಬೇಕಾಗಿರೋದು ಎರಡು ಪದ: ಸಿಡ್ನಿ ಬಿಟ್ಟು ಉಳಿದ ಕಡೆಯ ಆಟಕ್ಕೆ ಇಲ್ಲಿನವರು ಹೇಳುವ 'ಕಂಟ್ರಿ' ಕ್ರಿಕೆಟ್, ಮತ್ತೆ 'ಸ್ಪಾನ್ಸರ್'. 'ಗ್ರಾಮೀಣ' ಅನ್ನೋಣ ಅಂದ್ರೆ ನ್ಯೂಕ್ಯಾಸಲ್ ಲಕ್ಷಗಟ್ಟಲೆ ಜನ ಇರುವ ಊರು. ಕಂಟ್ರಿ ಅಂತಲೇ ಬಿಡಲಾ?

ಮೈಸೂರಿನಿಂದ:

ಬಿಡಬೇಡಿ! ಅರ್ಧ ಜನ 'ಕೌಂಟಿ' ಅಂತ ಓದಿಕೊಂಡು ಇಂಗ್ಲೆಂಡಿಗೆ ಹೋಗುತ್ತಾರೆ. ಉಳಿದ ಅರ್ಧಕ್ಕೆ ಕಂಟ್ರಿ ಅಂದ್ರೆ ಒಂದು ಕಂಟ್ರಿ ಪಿಸ್ತೂಲು, ಇಲ್ಲಾ ಕಂಟ್ರಿ ಸಾರಾಯಿ. ಸಾರಾಯಿಯನ್ನು ಸರ್ಕಾರ 2007ರಲ್ಲಿ ನಿಲ್ಲಿಸಿತು, ಪದ ನಿಂತಿಲ್ಲ. ಕುಡಿದು ಗಾಡಿ ಓಡಿಸಬೇಡಿ ಅನ್ನುವ ಕರಪತ್ರದ ತಲೆ ಮೇಲೆ ದಪ್ಪಕ್ಷರದಲ್ಲಿ 'ಕಂಟ್ರಿ' ಅಂತ ಹಾಕಿ, ನೋಡಿ ಮಜಾ.

'ಗ್ರಾಮಾಂತರ ಕ್ರಿಕೆಟ್' ಸಾಕು.

ಧಾರವಾಡದಿಂದ:

ಗ್ರಾಮಾಂತರ ತಪ್ಪು. ದೇಶಾಂತರ ಅಂದ್ರೆ ಬೇರೆ ದೇಶ. ರೂಪಾಂತರ ಅಂದ್ರೆ ಬೇರೆ ರೂಪ. ಗ್ರಾಮಾಂತರ ಅಂದ್ರೆ ಬೇರೆ ಗ್ರಾಮ, ಅಷ್ಟೇ. 1986ರಲ್ಲಿ ಒಂದು ಜಿಲ್ಲೆಗೆ ಆ ಹೆಸರಿಟ್ಟ ಮಾತ್ರಕ್ಕೆ ಸಮಾಸ ಸರಿಯಾಗಲಿಲ್ಲ. ಅಚ್ಚಗನ್ನಡದ ಪದ ಕಣ್ಣೆದುರೇ ಇದೆ: ಒಳನಾಡು. 'ಒಳನಾಡ ಕ್ರಿಕೆಟ್'. ಮುಗೀತು.

ನ್ಯೂಕ್ಯಾಸಲ್‌ನಿಂದ:

ಮೇಷ್ಟ್ರೇ, ಕಾಫ್ಸ್ ಹಾರ್ಬರ್ ಇರೋದು ಕಡಲ ದಂಡೆಯಲ್ಲಿ. ನಮ್ಮೂರೂ ಅಷ್ಟೇ, ಊರಿನ ಹೆಸರು ಹೇಳಿದರೆ ಬಂದರು, ಕಲ್ಲಿದ್ದಲಿನ ಹಡಗುಗಳೇ ನೆನಪಾಗೋದು. ಒಳನಾಡು ಹೇಗಾಗುತ್ತೆ?

ಧಾರವಾಡದಿಂದ:

ಹಾಗಾದ್ರೆ 'ಸೀಮೆ'. ಬಯಲುಸೀಮೆ ಇಲ್ವೇನ್ರಿ?

ಬೆಂಗಳೂರಿನಿಂದ:

ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಇನ್ನು ಸೀಮೆ ಕ್ರಿಕೆಟ್ ಅಂದ್ರೆ ವಿಲಾಯಿತಿ ಕ್ರಿಕೆಟ್ ಅಂತಲೇ ಓದುತ್ತಾರೆ. ಅದೂ ಅಲ್ಲದೆ ಸೀಮೆ ಸಂಸ್ಕೃತದ 'ಸೀಮಾ'. ತಮ್ಮ ಮಡಿಗೆ ಅದು ನಡೆಯುತ್ತಾ?

ಕ್ರಿಕೆಟ್ ಆಡುವವರ ಬಾಯಲ್ಲೇ ಪದ ಇದೆ, ನೀವ್ಯಾರೂ ಮೈದಾನದ ಕಡೆ ಹೋಗಲ್ಲ ಅಷ್ಟೇ. 'ಮೊಫಸಿಲ್'. ನಮ್ಮ ರಾಜ್ಯ ಕ್ರಿಕೆಟ್ ಸಂಸ್ಥೆಯಲ್ಲಿ ಬೆಂಗಳೂರು ಬಿಟ್ಟರೆ ಮೈಸೂರು, ಧಾರವಾಡ, ಶಿವಮೊಗ್ಗ, ಮಂಗಳೂರು, ರಾಯಚೂರು, ತುಮಕೂರು ವಲಯಗಳಿವೆ. ಅಲ್ಲಿನ ಆಟಗಾರರ ತಂಡಕ್ಕೆ ಮೊಫಸಿಲ್ ಇಲೆವೆನ್ ಅಂತ ಹೆಸರು. ಈಸ್ಟ್ ಇಂಡಿಯಾ ಕಂಪನಿ ಕಾಲದಲ್ಲಿ ರಾಜಧಾನಿಯ ಕೋರ್ಟು ಸದರ್, ಹೊರಗಿನದ್ದು ಮೊಫಸಿಲ್. ರಾಜಧಾನಿ ಬಿಟ್ಟು ಮಿಕ್ಕಿದ್ದು. ಸಿಡ್ನಿ ಬಿಟ್ಟು ಮಿಕ್ಕಿದ್ದು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.

ಧಾರವಾಡದಿಂದ:

ಅರಬ್ಬಿಯಿಂದ ಪಾರಸಿ, ಪಾರಸಿಯಿಂದ ಕಂಪನಿ, ಕಂಪನಿಯಿಂದ ಕನ್ನಡ. ಎಂಜಲಿನ ಎಂಜಲು. ಬೇಡ.

ಬೆಂಗಳೂರಿನಿಂದ:

ಜಿಲ್ಲೆ, ತಾಲೂಕು, ಅರ್ಜಿ ಎಲ್ಲಾ ಅದೇ ದಾರಿಯಲ್ಲಿ ಬಂದಿದ್ದು. ಅಷ್ಟೇ ಯಾಕೆ, 'ರಸ್ತೆ ಸುರಕ್ಷತೆ'ಯ ರಸ್ತೆ ಪಾರಸಿ, ಸುರಕ್ಷತೆ ಸಂಸ್ಕೃತ. ಎರಡನ್ನೂ ತೆಗೆದು ಕರಪತ್ರ ಬರೆದುಕೊಡಿ.

ಧಾರವಾಡದಿಂದ:

ದಾರಿ ಇದೆ. ಹಾದಿ ಇದೆ. ಹೆದ್ದಾರಿ ಇದೆ. ಸುರಕ್ಷತೆಗೆ ಕಾಪು ಇದೆ. ಬರೆಯುವವರಿಗೆ ಮನಸ್ಸಿಲ್ಲ.

ಮೈಸೂರಿನಿಂದ:

'ಹಾದಿಗಾಪು' ಅಂತ ಹಾಕಿದ್ರೆ ಓದಿದವರು ಕಾಪು ದೀಪಸ್ತಂಭಕ್ಕೆ ದಾರಿ ಕೇಳುತ್ತಾರೆ.

ಉಡುಪಿಯಿಂದ:

ಕಾಪು ನಮ್ಮೂರ ಪಕ್ಕದ್ದು ಮಾರಾಯ್ರೇ, ಅದನ್ನು ಬಿಡಿ. ಅವರು ಕೇಳಿದ ಎರಡನೇ ಪದ ಯಾರೂ ಮುಟ್ಟಲೇ ಇಲ್ಲ. ಸ್ಪಾನ್ಸರ್ ನಮಗೇನು ಹೊಸದಾ? ಯಕ್ಷಗಾನದಲ್ಲಿ ಒಂದು ಮನೆಯವರು ಹರಕೆ ಹೊತ್ತು ರಾತ್ರಿಯ ಆಟಕ್ಕೆ ದುಡ್ಡು ಕೊಡುತ್ತಾರೆ. ಮೇಳದವರು ಆಡುತ್ತಾರೆ, ಮನೆಯವರು 'ಆಟ ಆಡಿಸುತ್ತಾರೆ'. ಕಟೀಲು ಮೇಳದ ಆಟಕ್ಕೆ ವರ್ಷಗಟ್ಟಲೆ ಮುಂಚೆ ಹೇಳಿಡಬೇಕು. ಚೀಟಿಯಲ್ಲಿ ಅವರ ಹೆಸರು 'ಸೇವಾಕರ್ತರು' ಅಂತ ಬರುತ್ತದೆ. ದುಡ್ಡು ಯಾರದ್ದು, ಆಟ ಯಾರದ್ದು, ಎರಡೂ ಸ್ಪಷ್ಟ.

ಧಾರವಾಡದಿಂದ:

ಇದು ಸರಿ! ಈಗಿನವರು ಬರೆಯುವ 'ಪ್ರಾಯೋಜಕ' ಹಿಂದಿಯಿಂದ ಎತ್ತಿಕೊಂಡು ಬಂದದ್ದು. ಸಂಸ್ಕೃತ ವ್ಯಾಕರಣದಲ್ಲಿ ಇರುವುದು 'ಪ್ರಯೋಜಕ', ಅಂದ್ರೆ ಬೇರೆಯವರಿಂದ ಕೆಲಸ ಮಾಡಿಸುವವನು. ಆ ಕೆಲಸಕ್ಕೆ ಕನ್ನಡದಲ್ಲಿ ಒಂದು 'ಇಸು' ಸಾಕು. ಆಡು, ಆಡಿಸು. 'ಈ ಪಂದ್ಯಾವಳಿ ಆಡಿಸುವವರು: ಸಾರಿಗೆ ಇಲಾಖೆ'. ಹೀಗೇ ಹಾಕಿ.

ಬೆಂಗಳೂರಿನಿಂದ:

ಯಕ್ಷಗಾನದಲ್ಲಿ ಸರಿ. ಕ್ರಿಕೆಟ್‌ನಲ್ಲಿ 'ಆಡಿಸುವವರು' ಅಂದ್ರೆ ಬೆಟ್ಟಿಂಗ್ ಆಡಿಸುವವರು. ಪೇಪರಿನಲ್ಲಿ ಅವರ ಹೆಸರಿನ ಮುಂದೆ 'ಬಂಧನ' ಅಂತ ಇರುತ್ತೆ. ಅಲ್ಲಿನ ಸರ್ಕಾರಕ್ಕೆ ಆ ಪಟ್ಟ ಯಾಕೆ?

ನ್ಯೂಕ್ಯಾಸಲ್‌ನಿಂದ:

ಇಲಾಖೆಗೆ ಕ್ರಿಕೆಟ್ ಹುಚ್ಚು ಹಳೇದು. ಹಿಂದೆ ನ್ಯೂ ಸೌತ್ ವೇಲ್ಸ್ ರಾಜ್ಯ ತಂಡದ ಹೆಸರೇ 'ಸ್ಪೀಡ್‌ಬ್ಲಿಟ್ಜ್ ಬ್ಲೂಸ್' ಆಗಿತ್ತು. ವೇಗಕ್ಕೆ ಕಡಿವಾಣ ಹಾಕಿ ಅನ್ನುವ ರಸ್ತೆ ಪ್ರಾಧಿಕಾರದ ಪ್ರಚಾರ ಅದು. ಆ ತಂಡದಲ್ಲಿ ಬಿರುಗಾಳಿ ವೇಗದ ಬ್ರೆಟ್ ಲೀ ಬೌಲಿಂಗ್ ಮಾಡುತ್ತಿದ್ದ ಅನ್ನೋದು ಬೇರೆ ಮಾತು.

ಇಷ್ಟು ಪೀಡಿಸೋದಕ್ಕೆ ಕಾರಣ ಇದೆ. ರಾಜ್ಯದ ಜನಸಂಖ್ಯೆಯಲ್ಲಿ ಸಿಡ್ನಿಯಂಥ ದೊಡ್ಡ ನಗರದ ಹೊರಗೆ ಇರೋರು ಸುಮಾರು ಮೂರರಲ್ಲಿ ಒಂದು ಪಾಲು. ರಸ್ತೆಯಲ್ಲಿ ಸಾಯುವವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಆ ಕಡೆಯ ರಸ್ತೆಗಳಲ್ಲೇ. ದೂರ ಜಾಸ್ತಿ, ವೇಗ ಜಾಸ್ತಿ, ರಾತ್ರಿ ಬಸ್ಸು ಕಮ್ಮಿ. ಹಾಗಾಗಿ 'ಸಿಡ್ನಿ ಬಿಟ್ಟು' ಅನ್ನೋ ಅರ್ಥ ಆ ಪದದಲ್ಲಿ ಬರಲೇಬೇಕು, ಸುಮ್ನೆ ಅಲಂಕಾರಕ್ಕೆ ಕೇಳ್ತಿಲ್ಲ. ಮತ್ತೆ ಹಳ್ಳಿ ಗಮಾರ ಅನ್ನೋ ವಾಸನೆ ಬರಬಾರದು. ಆಸ್ಟ್ರೇಲಿಯಾಕ್ಕೆ ಆಡಿದ ನ್ಯಾರೊಮೈನ್‌ನ ಮೆಗ್ರಾತ್, ಟ್ಯಾಮ್ವರ್ತ್ ಕಡೆಯ ಹೇಝಲ್‌ವುಡ್, ಬೌರಲ್‌ನಲ್ಲಿ ಬೆಳೆದ ಬ್ರಾಡ್ಮನ್, ಎಲ್ಲಾ ಕಂಟ್ರಿಯವರೇ. ಇಲ್ಲಿ ಅದು ಹೆಮ್ಮೆಯ ಮಾತು.

ಉಡುಪಿಯಿಂದ:

ಹಾಗಾದ್ರೆ ಇಷ್ಟೊತ್ತು ನೀವೇ ಹೇಳ್ತಾ ಇದ್ದೀರಲ್ಲ. 'ಸಿಡ್ನಿಯಾಚೆ ಊರುಗಳ ಕ್ರಿಕೆಟ್'. ಒಂದೇ ಪದ ಬೇಕು ಅಂತ ಯಾವ ಶಾಸ್ತ್ರದಲ್ಲಿದೆ?

ಧಾರವಾಡದಿಂದ:

'ಸಿಡ್ನಿಯಾಚೆಯ' ಆಗಬೇಕು.

ಬೆಂಗಳೂರಿನಿಂದ:

ಮೊಫಸಿಲ್ ಒಂದೇ ಪದದಲ್ಲಿ ಮುಗೀತಿತ್ತು. ಇರಲಿ.

ನ್ಯೂಕ್ಯಾಸಲ್‌ನಿಂದ:

ಪ್ರಿಂಟಿಗೆ ಕಳಿಸಿದ್ದು ಹೀಗೆ:

ಸಿಡ್ನಿಯಾಚೆಯ ಊರುಗಳ ಟಿ20: ಪ್ಲಾನ್ ಬಿ ರೀಜನಲ್ ಬ್ಯಾಷ್. ಪ್ರಾಯೋಜಕರು: ರಾಜ್ಯ ಸಾರಿಗೆ ಇಲಾಖೆ. ಮ್ಯಾಚ್ ನೋಡೋಕೆ ಬನ್ನಿ. ಕುಡಿಯೋದಿದ್ರೆ ಕಾರು ಮನೇಲಿ ಬಿಟ್ಟು ಬನ್ನಿ. ಊರಿನ ಲೆಕ್ಕ ಇಲ್ಲಿ ನಡೆಯಲ್ಲ: ಭಾರತದಲ್ಲಿ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ, ಇಲ್ಲಿ ಪೂರ್ತಿ ಲೈಸೆನ್ಸ್ ಇದ್ದವರಿಗೆ 50 ಮಿಲಿಗ್ರಾಂ ಮುಟ್ಟಿದರೆ ಕೇಸು. ಎಲ್ (ಕಲಿಯುವವರು) ಅಥವಾ ಪಿ (ಹೊಸ ಚಾಲಕರು) ಪ್ಲೇಟ್ ಇದ್ದವರಿಗೆ ಸೊನ್ನೆ. ಪೊಲೀಸರು ಯಾರನ್ನು ಬೇಕಾದರೂ ನಿಲ್ಲಿಸಿ ಊದಿಸಬಹುದು.

'ಊದಿಸು'ವಿನಲ್ಲೂ ನಿಮ್ಮ 'ಇಸು' ಬಂತು, ಮೇಷ್ಟ್ರೇ.

ಧಾರವಾಡದಿಂದ:

ಬಂತು. 'ಪ್ರಾಯೋಜಕ' ಮಾತ್ರ ಹಾಗೇ ಉಳೀತು.