ಕ್ಲಾರಿಸ್ 8 ಸ್ಪೀಡ್ ಇದೆ, ಆಗುಂಬೆ ಘಾಟಿಗೆ ಗೇರ್ ಸಾಲುವುದಿಲ್ಲ: ಪೂರ್ತಿ 105 ಹಾಕಿಸಬೇಕಾ?

ಹೆಬ್ರಿ_ಪೆಡಲ್:
ಎಲ್ಲರಿಗೂ ನಮಸ್ಕಾರ. ನನ್ನದು ಅಲ್ಯೂಮಿನಿಯಂ ಫ್ರೇಮಿನ ರೋಡ್ ಬೈಕ್, ಶಿಮಾನೋ ಕ್ಲಾರಿಸ್ 2×8 (ಮುಂದೆ 2, ಹಿಂದೆ 8 ಹಲ್ಲುಚಕ್ರ), ಮುಂದೆ 50/34 ಹಲ್ಲು, ಹಿಂದೆ 11-28 ಹಲ್ಲಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು), ರಿಮ್ ಬ್ರೇಕ್, 700×28 ಟಯರ್. ಉಡುಪಿ ಬದಿಯ ರಸ್ತೆಯಲ್ಲಿ ಏನೂ ತೊಂದರೆ ಇಲ್ಲ, ಆರಾಮಲ್ಲಿ ಹೋಗ್ತದೆ, ಆದ್ರೆ ಸೋಮೇಶ್ವರ ದಾಟಿ ಘಾಟಿ ಶುರುವಾದ ಮೇಲೆ ಸ್ವಲ್ಪ ಹೊತ್ತಲ್ಲೇ ಕಡೇ ಗೇರಿಗೆ ಬಂದಾಗಿರ್ತದೆ, ಆಮೇಲೆ ಲಿವರ್ ಒತ್ತಿದ್ರೆ ಇನ್ನು ಗೇರ್ ಇಲ್ಲ, ತಿರುವಲ್ಲಿ ಒಳಬದಿಗೆ ಬಂದ್ರಂತೂ ಮೊಣಕಾಲಿಗೆ ಸಿಕ್ಕಾಪಟ್ಟೆ ಭಾರ ಬೀಳ್ತದೆ. ಮಳೆಗಾಲ ಮುಗಿದ ಮೇಲೆ ಒಂದು 200 ಕಿಮೀ ಬ್ರೆವೆ (ಗೊತ್ತಾದ ಟೈಮಿನೊಳಗೆ ಮುಗಿಸುವ ದೂರದ ರೈಡ್) ಮಾಡ್ಬೇಕು ಅಂತ ಉಂಟು, ಅದಕ್ಕೆ 13 ಗಂಟೆ 30 ನಿಮಿಷ ಟೈಮ್ ಅಲ್ವಾ, ದಾರಿಯಲ್ಲಿ ಘಾಟಿ ಬಂದ್ರೆ ಸೈಕಲ್ ದೂಡಿಕೊಂಡು ಹೋಗುವ ಹಾಗೆ ಆಗ್ಬಾರದು.

ಅಂಗಡಿಯಲ್ಲಿ ಕೇಳಿದ್ದಕ್ಕೆ "8 ಸ್ಪೀಡಿಗೆ ಏನು ಮಾಡಿದ್ರೂ ಪ್ರಯೋಜನ ಇಲ್ಲ, ಪೂರ್ತಿ 105 ಗ್ರೂಪ್‌ಸೆಟ್ ಹಾಕ್ಸಿ, 11 ಸ್ಪೀಡ್ ಬರ್ತದೆ" ಅಂದ್ರು, ಅಂದ್ರೆ ಶಿಮಾನೋದ ಮೇಲಿನ ದರ್ಜೆಯ ಗೇರ್ ಸಾಮಾನು ಪೂರ್ತಿ ಸೆಟ್. ಅಷ್ಟು ದುಡ್ಡು ಹಾಕಿದ್ರೆ ಸೈಕಲಿನ ಅರ್ಧ ಬೆಲೆಯೇ ಆಗ್ತದೆ. ನಂಗೆ ಗೊತ್ತಾಗ್ಬೇಕಾದ್ದು ಇಷ್ಟು: ಈಗಿರುವ ಚಕ್ರಕ್ಕೆ 11 ಸ್ಪೀಡ್ ಕ್ಯಾಸೆಟ್ ಕೂತ್ಕೊಳ್ತದಾ? ಶಿಫ್ಟರ್ (ಗೇರ್ ಲಿವರ್) ಮಾತ್ರ ಬದಲಾಯಿಸಿದ್ರೆ ನಡೀತದಾ? ಅಥವಾ ಬೇರೆ ಏನಾದ್ರೂ ದಾರಿ ಉಂಟಾ? ಗೊತ್ತಿದ್ದವರು ದಯವಿಟ್ಟು ಹೇಳಿ ಮಾರಾಯ್ರೆ.

ಬಸವನಗುಡಿ_ಗೇರ್:
ಸರ್, ದುಡ್ಡು ಕೊಡೋ ಮುಂಚೆ ಒಂದು ಲೆಕ್ಕ ಹಾಕಿ. ನಿಮಗೆ ಬೇಕಾಗಿರೋದು ಘಾಟಿಗೆ ಸಣ್ಣ ಗೇರು, ಗೇರಿನ ಸಂಖ್ಯೆ ಜಾಸ್ತಿ ಮಾಡಿದ ತಕ್ಷಣ ಅದು ಬರಲ್ಲ. ಈಗ ನಿಮ್ಮ ಕಡೇ ಗೇರ್ 34/28, ಅಂದ್ರೆ ಪೆಡಲ್ ಒಂದು ಸುತ್ತು ತಿರುಗಿದ್ರೆ ಚಕ್ರ 1.21 ಸುತ್ತು. ನಿಮಿಷಕ್ಕೆ 60 ಸಲ ತುಳಿದ್ರೆ ಗಂಟೆಗೆ ಸುಮಾರು 9.3 ಕಿಮೀ. ಏರಿನಲ್ಲಿ ಆ ಸ್ಪೀಡ್ ಹಿಡಿಯೋ ಶಕ್ತಿ ಕಾಲಲ್ಲಿ ಇಲ್ಲ ಅಂದ್ರೆ ತುಳಿಯೋದು 50ಕ್ಕೆ, 45ಕ್ಕೆ ಇಳಿಯತ್ತೆ, ಮೊಣಕಾಲು ನೋಯೋದು ಅಲ್ಲೇ. ಅದೇ 34/32 ಆದ್ರೆ 60ಕ್ಕೆ ಸುಮಾರು 8.2 ಕಿಮೀ, 34/34 ಆದ್ರೆ 7.7. ನಂದಿ ಬೆಟ್ಟದ ಕೊನೇ ಏರಿನಲ್ಲಿ ಈ ಒಂದು ಕಿಮೀ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಹತ್ತಿದವರಿಗೆ ಚೆನ್ನಾಗಿ ಗೊತ್ತಿರತ್ತೆ.

ಅಂಗಡಿಯವರು 105 ಹಾಕಿ ಅದ್ರಲ್ಲೂ 11-28 ಕ್ಯಾಸೆಟ್ಟೇ ಕೊಟ್ಬಿಟ್ರೆ ನಿಮ್ಮ ಕಡೇ ಗೇರ್ ಈಗಿರೋದೇ ಆಗಿರತ್ತೆ, ನಡುವೆ ಮೂರು ಹಲ್ಲುಚಕ್ರ ಜಾಸ್ತಿ ಸೇರ್ಕೊಂಡಿರತ್ತೆ ಅಷ್ಟೆ. 8 ಸ್ಪೀಡಲ್ಲೇ 11-32, 11-34 ಕ್ಯಾಸೆಟ್ ಸಿಗತ್ತೆ. ಶಿಫ್ಟರ್ ಅದೇ ಇರತ್ತೆ, ಕೇಬಲ್ ಎಳೆತ (ಒಂದು ಕ್ಲಿಕ್ಕಿಗೆ ಕೇಬಲ್ ಎಷ್ಟು ಎಳೆಯತ್ತೆ ಅನ್ನೋದು) ಅದೇ, ಹಲ್ಲುಚಕ್ರಗಳ ನಡುವಿನ ಅಂತರನೂ ಅದೇ, ಹಾಗಾಗಿ ಹೊಂದಾಣಿಕೆ ಸಮಸ್ಯೆ ಬರೋದು ಒಂದೇ ಜಾಗದಲ್ಲಿ, ಹಿಂದಿನ ಡಿರೇಲರ್ (ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸೋ ಭಾಗ) ಅಷ್ಟು ದೊಡ್ಡ ಹಲ್ಲುಚಕ್ರ ತಗೊಳ್ಳತ್ತಾ ಅನ್ನೋದ್ರಲ್ಲಿ.

ಅದನ್ನ ನೋಡೋದು ಹೇಗೆ ಅಂದ್ರೆ, ಡಿರೇಲರ್ ಒಳಮೈಯಲ್ಲಿ, ಚಕ್ರದ ಕಡೆ ಇರೋ ಭಾಗದಲ್ಲಿ, ಒಂದು ನಂಬರ್ ಇರತ್ತೆ, ಆರ್‌ಡಿ-ಆರ್2000 ಅಂತೇನೋ, ಕೊನೇಲಿ ಎಸ್‌ಎಸ್ ಅಥವಾ ಜಿಎಸ್. ಎಸ್‌ಎಸ್ ಅಂದ್ರೆ ಗಿಡ್ಡ ಕೇಜ್ (ಎರಡು ಪುಲ್ಲಿ ಹಿಡಿದಿರೋ ಕೈ), ಜಿಎಸ್ ಅಂದ್ರೆ ಅದಕ್ಕಿಂತ ಉದ್ದ. ಪ್ರತಿ ಡಿರೇಲರ್‌ಗೂ ಎರಡು ಮಿತಿ: ಅತಿ ದೊಡ್ಡ ಹಲ್ಲುಚಕ್ರ ಎಷ್ಟು ಹಲ್ಲಿನದು, ಮತ್ತೆ ಒಟ್ಟು ಕೆಪ್ಯಾಸಿಟಿ, ಅಂದ್ರೆ ಸಡಿಲ ಚೈನ್ ಎಳೆದು ಹಿಡಿಯೋ ಶಕ್ತಿ, ಎಷ್ಟು. ಕೆಪ್ಯಾಸಿಟಿ ಲೆಕ್ಕ ಸುಲಭ, ಮುಂದಿನ ಎರಡು ರಿಂಗಿನ ವ್ಯತ್ಯಾಸಕ್ಕೆ ಹಿಂದಿನ ದೊಡ್ಡದು ಚಿಕ್ಕದರ ವ್ಯತ್ಯಾಸ ಕೂಡಿಸೋದು. ನಿಮ್ಮದು ಈಗ 16+17, 33. 11-32 ಹಾಕಿದ್ರೆ 37, 11-34 ಹಾಕಿದ್ರೆ 39. ಉದಾಹರಣೆಗೆ ನಿಮ್ಮ ಅಂಗಡಿಯವರು ಹೇಳಿದ 105ರ 11 ಸ್ಪೀಡ್ ಮಾಡೆಲ್ ಆರ್7000 ತಗೊಳ್ಳಿ, ಎಸ್‌ಎಸ್ 30 ಹಲ್ಲು ತನಕ ಮಾತ್ರ, ಕೆಪ್ಯಾಸಿಟಿ 35. ಜಿಎಸ್ 34 ತನಕ, ಕೆಪ್ಯಾಸಿಟಿ 39. ಒಂದೇ 105 ಅಂತ ಹೆಸರು, ಆದ್ರೆ ಒಂದು ನಿಮ್ಮ ಘಾಟಿಗೆ ಆಗತ್ತೆ ಇನ್ನೊಂದು ಆಗಲ್ಲ. ಕ್ಲಾರಿಸ್ ಆರ್2000 ಜಿಎಸ್ ಆಗಿದ್ರೆ 34 ತನಕ ತಗೊಳ್ಳತ್ತೆ.

ನಿಮ್ಮದ್ರಲ್ಲಿ ಏನಿದೆ ನೋಡಿ ಹೇಳಿ. ಹಾಗೇ ಚೈನ್ ಎಷ್ಟು ಹಿಗ್ಗಿದೆ ಅಂತನೂ ನೋಡ್ಬಿಡಿ.

ಚಾಮುಂಡಿ_ಏರು:
ಮೇಲಿನವರು ಹೇಳಿದ್ದು ಸರಿಯಾಗಿದೆ ಆದ್ರೆ 11 ಸ್ಪೀಡಿನ ಪರವಾಗಿ ನಾನೊಂದು ಮಾತು ಹೇಳ್ಬೇಕು. 8 ಸ್ಪೀಡ್ 11-34 ಕ್ಯಾಸೆಟ್ಟಿನ ಹಲ್ಲು ಎಣಿಸಿ ನೋಡಿ: 11-13-15-17-20-23-26-34. ಕೊನೇಲಿ 26ರಿಂದ ಒಂದೇ ಸಲ 34ಕ್ಕೆ ಜಿಗಿತ! 26ರಲ್ಲಿ ಭಾರ ಅನ್ಸತ್ತೆ, 34ಕ್ಕೆ ಹಾಕಿದ ಕೂಡ್ಲೆ ಕಾಲು ಸುಮ್ನೆ ಗಿರಗಿರ ತಿರುಗತ್ತೆ, ಏರಿನಲ್ಲಿ ಕಾಲಿನ ತಾಳ ತಪ್ಪಿದ್ರೆ ಮತ್ತೆ ಹಿಡಿಯೋದು ಕಷ್ಟ. 11 ಸ್ಪೀಡಿನ 11-34 ಹೀಗಿರತ್ತೆ: 11-13-15-17-19-21-23-25-27-30-34. ಎಷ್ಟು ಸಮವಾಗಿದೆ ನೋಡಿ. ಚಾಮುಂಡಿ ಬೆಟ್ಟದಂಥ ಏರಿಗೆ, ದಿನಾ ಹತ್ತೋರಿಗೆ, ಇದರ ಸುಖವೇ ಬೇರೆ.

ಇನ್ನು ಚಕ್ರದ ಪ್ರಶ್ನೆ. ನಿಮ್ಮದು 8/9/10 ಸ್ಪೀಡಿನ ಫ್ರೀಹಬ್ (ಹಿಂದಿನ ಚಕ್ರದಲ್ಲಿ ಕ್ಯಾಸೆಟ್ ಕೂರೋ ಭಾಗ) ಇರತ್ತೆ. ರೋಡ್ 11 ಸ್ಪೀಡಿನ ಫ್ರೀಹಬ್ ಅದಕ್ಕಿಂತ 1.85 ಎಂಎಂ ಉದ್ದ, ಹಾಗಾಗಿ 11-28, 11-30 ಥರದ ಮಾಮೂಲಿ 11 ಸ್ಪೀಡ್ ರೋಡ್ ಕ್ಯಾಸೆಟ್ ನಿಮ್ಮ ಚಕ್ರಕ್ಕೆ ಕೂರಲ್ಲ. ಆದ್ರೆ ಶಿಮಾನೋದ ಎಚ್‌ಜಿ700, ಎಚ್‌ಜಿ800 ಅನ್ನೋ 11-34 ಕ್ಯಾಸೆಟ್ ಕೂರತ್ತೆ, ಯಾಕಂದ್ರೆ ಅದರ ದೊಡ್ಡ ಹಲ್ಲುಚಕ್ರಗಳು ಕಡ್ಡಿಗಳ ಕಡೆ ಸ್ವಲ್ಪ ಒಳಗೆ ಬಾಗಿರೋ ಹಾಗೆ ಮಾಡಿದಾರೆ, ಇದನ್ನೇ 11 ಸ್ಪೀಡ್ ಚಕ್ರಕ್ಕೆ ಹಾಕ್ಬೇಕಾದ್ರೆ 1.85ರ ಸ್ಪೇಸರ್ ಹಿಂದೆ ಕೊಡ್ಬೇಕು. ಅಂದ್ರೆ ಚಕ್ರ ಬದಲಾಯಿಸದೆ 11ಕ್ಕೆ ಹೋಗೋ ದಾರಿ ಇದೆ. ಆದ್ರೆ ಎರಡೂ ಶಿಫ್ಟರ್, ಹಿಂದಿನ ಡಿರೇಲರ್, ಮುಂದಿನ ಡಿರೇಲರ್, ಚೈನ್, ಕ್ಯಾಸೆಟ್, ಕೇಬಲ್ ಎಲ್ಲಾ ಹೊಸದಾಗಬೇಕು. ಶಿಫ್ಟರ್ ಒಂದನ್ನೇ ಹಾಕಿದ್ರೆ ನಡಿಯಲ್ಲ, 8 ಸ್ಪೀಡಲ್ಲಿ ಪಕ್ಕಪಕ್ಕದ ಹಲ್ಲುಚಕ್ರಗಳ ಅಂತರ 4.8 ಎಂಎಂ, 11ರಲ್ಲಿ 3.7ರ ಆಸುಪಾಸು, ಪ್ರತಿ ಕ್ಲಿಕ್ಕಿಗೂ ಚೈನ್ ಎಲ್ಲೋ ನಡುವೆ ನಿಲ್ಲತ್ತೆ.

ಧಾರವಾಡ_ಗಾಲಿ:
ಸರ, ನಡುವ ಒಂದ ಮಾತ ಹೇಳ್ತೇನ್ರಿ, ಯಾಕಂದ್ರ ಸೆಕೆಂಡ್ ಹ್ಯಾಂಡ್ ಸಾಮಾನ ನೋಡಾಕ ಶುರು ಮಾಡಿದ್ರ ನಿಮಗ ಇದ ಮೊದಲ ಎದುರಾಗ್ತದ. ಶಿಮಾನೋದ್ದ ಟಿಯಾಗ್ರಾ 10 ಸ್ಪೀಡ್ ಗ್ರೂಪ್‌ಸೆಟ್ ಅಂತ ಎರಡ ಥರ ಅದಾವ. ಹಳೇದು 4600, ಹೊಸಾದು 4700. ಎರಡೂ 10 ಸ್ಪೀಡ್, ಎರಡೂ ಟಿಯಾಗ್ರಾ, ಆದ್ರ ಒಂದರ ಶಿಫ್ಟರ್ ಇನ್ನೊಂದರ ಡಿರೇಲರ್‌ಗೆ ಹೊಂದಂಗಿಲ್ಲ. 4700ರ ಕೇಬಲ್ ಎಳೆತ 11 ಸ್ಪೀಡ್ ರೋಡ್ ಗ್ರೂಪ್‌ಸೆಟ್ಟಿಂದರ ಹಂಗ ಐತಿ, 4600, 5700 (ಹಳೇ 105), 6700 (ಹಳೇ ಅಲ್ಟೆಗ್ರಾ) ಇವೆಲ್ಲಾ ಹಳೇ ಎಳೆತದವು. ನಮ್ಮ ಗೆಳೆಯಾ ಒಬ್ಬಾಂವ 4700 ಶಿಫ್ಟರ್ ತಂದು 5700 ಡಿರೇಲರ್‌ಗೆ ಹಾಕಿದ್ದ, ಎರಡು ಗೇರ್ ಸರಿ ಬರ್ತಿದ್ವು, ಮೂರನೇದ್ದಕ್ಕ ಕಟಕಟ ಶುರು, ಎಷ್ಟು ಟ್ಯೂನ್ ಮಾಡಿದ್ರೂ ಅಷ್ಟ. ಟ್ಯೂನಿಂಗ್ ತಪ್ಪಲ್ಲರಿ ಅದು, ಎಳೆತನ ಬ್ಯಾರೆ.

ಹಳೇ ಎಳೆತದಾಗ ಒಂದ ಚೊಲೋ ಸಂಗತಿ ಅದ. ಶಿಮಾನೋ ರೋಡಿಂದು 8, 9 ಮತ್ತ 4700ಕ್ಕಿಂತ ಹಿಂದಿನ 10 ಸ್ಪೀಡ್, ಎಲ್ಲಾದರ ಹಿಂದಿನ ಡಿರೇಲರ್‌ದು ಎಳೆತ ಒಂದ (ಭಾಳ ಹಳೇ ಡ್ಯುರಾ-ಏಸ್ 7400 ಬಿಟ್ಟು). ಅಂದ್ರ ನಿಮ್ಮ ಕ್ಲಾರಿಸ್ ಡಿರೇಲರ್ ನಾಳೆ ಸೋರಾ 9 ಸ್ಪೀಡ್ ಶಿಫ್ಟರ್ ಹಾಕಿದ್ರೂ ನಡೀತದ, ವೇಸ್ಟ್ ಆಗಂಗಿಲ್ಲ. ಮುಂದಿನ ಡಿರೇಲರ್ ಮಾತ್ರ ಶಿಫ್ಟರ್ ಯಾವ ತಲೆಮಾರಿಂದೋ ಅದ ತಲೆಮಾರಿಂದ ತಗೋರಿ. ಮತ್ತ ಈಗ ಶಿಮಾನೋದ್ದ ಕ್ಯೂಸ್ ಅಂತ ಹೊಸಾ ಗ್ರೂಪ್‌ಸೆಟ್ ಬಂದದಲ್ರಿ, ಅದರ ಲಿಂಕ್‌ಗ್ಲೈಡ್ ಕ್ಯಾಸೆಟ್ ನಿಮ್ಮ ಫ್ರೀಹಬ್ ಮ್ಯಾಲೆ ಕೂತ್ರೂ ಹಲ್ಲಿನ ಅಂತರ ಬ್ಯಾರೆ, ಹಳೇ ಸಾಮಾನ ಜೋಡಿ ಕಲಸಬ್ಯಾಡ್ರಿ.

ಹೆಬ್ರಿ_ಪೆಡಲ್:
ತುಂಬಾ ಧನ್ಯವಾದ ಎಲ್ಲರಿಗೂ, ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ. ಡಿರೇಲರ್ ಒರೆಸಿ ಟಾರ್ಚ್ ಹಾಕಿ ನೋಡಿದೆ, ಆರ್‌ಡಿ-ಆರ್2000-ಜಿಎಸ್ ಅಂತ ಉಂಟು! ಅಂದ್ರೆ ಡಿರೇಲರ್ ಖರ್ಚೇ ಇಲ್ಲ ಅಲ್ವಾ? ಚೈನ್ ಚೆಕ್ ಮಾಡುವ ಟೂಲ್ ನನ್ನ ಹತ್ರ ಇಲ್ಲ, ಬೇರೆ ದಾರಿ ಉಂಟಾ? ಇನ್ನೊಂದು, ಈ ಮಳೆಗಾಲದಿಂದ ಗೇರ್ ಮೇಲೆ ಹೋಗ್ತದೆ, ಕೆಳಗೆ ಬರುವಾಗ ತಡ ಮಾಡ್ತದೆ, ಎರಡು ಸಲ ಒತ್ತಿದ್ರೆ ಒಮ್ಮೆ ಬೀಳ್ತದೆ. ಕ್ಲಾರಿಸ್ ಕೆಟ್ಟಿದ್ದು ಅಂತ ಅಂಗಡಿಯಲ್ಲಿ ಹೇಳಿದ್ರು. ಮುಂದಿನ ರಿಂಗ್ ಸಣ್ಣದು ಮಾಡಿದ್ರೆ ಹೇಗೆ ಅಂತಲೂ ಒಂದು ಯೋಚನೆ ಬಂತು.

ಉಪ್ಪುಗಾಳಿ:
ನಾನೂ ಕರಾವಳಿಯವನೇ, ಸುರತ್ಕಲ್ ಬದಿ. ಶಿಫ್ಟರ್ ಕೆಟ್ಟಿದ್ದಲ್ಲ ಮಾರಾಯ್ರೆ ಅದು ಕೇಬಲ್. ಸಣ್ಣ ಹಲ್ಲಿಗೆ ಇಳಿಯುವಾಗ ಕೇಬಲನ್ನು ಎಳೆಯುವುದು ಡಿರೇಲರಿನ ಸ್ಪ್ರಿಂಗ್ ಮಾತ್ರ, ಹೌಸಿಂಗ್ (ಕೇಬಲಿನ ಹೊರಕವಚ) ಒಳಗೆ ನೀರು, ಉಪ್ಪು, ಕೆಸರು ಸೇರಿ ಬಿಗಿ ಆದ್ರೆ ಸ್ಪ್ರಿಂಗಿಗೆ ಎಳೀಲಿಕ್ಕೆ ಆಗುವುದಿಲ್ಲ, ಅದಕ್ಕೇ ಏರುವಾಗ ಸರಿ ಇರ್ತದೆ ಇಳಿಯುವಾಗ ತಡ. ಹಿಂದಿನ ಡಿರೇಲರಿಗೆ ಹೋಗುವ ಕೊನೇ ಆ ಬಾಗಿದ ತುಂಡು ಹೌಸಿಂಗ್ ಉಂಟಲ್ಲ, ಮೊದಲು ಹಾಳಾಗುವುದು ಅದೇ. ಒಳಗಿನ ಕೇಬಲ್ ಸ್ಟೇನ್‌ಲೆಸ್ ಹಾಕಿ, ಹೌಸಿಂಗ್ ಪೂರ್ತಿ ಹೊಸತು ಹಾಕಿ. ಗೇರಿನ ಹೌಸಿಂಗೇ ಕೇಳಿ ತಗೊಳ್ಳಿ, ಬ್ರೇಕಿಂದು ಕೊಟ್ರೆ ಬೇಡ, ಅದು ಒತ್ತಿದಾಗ ಕುಗ್ಗಿ ಗೇರ್ ಲೆಕ್ಕ ತಪ್ತದೆ. ನಮ್ಮ ಕಡೆ ಮಳೆ ಮುಗಿದ ಮೇಲೆ ವರ್ಷಕ್ಕೊಮ್ಮೆ ಈ ಕೆಲಸ ಮಾಡ್ಲೇಬೇಕು. ಡಿರೇಲರ್ ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಹಿಡಿಸುವ ತುಂಡು) ಬಗ್ಗಿಲ್ಲ ಅಂತ ಸಹ ನೋಡಿಸಿ, ಸೈಕಲ್ ಬಲಬದಿಗೆ ಬಿದ್ದಿದ್ರೆ ಬಗ್ಗಿರುವ ಸಾಧ್ಯತೆ ಜಾಸ್ತಿ.

ಚೈನಿಗೆ ಟೂಲ್ ಬೇಡ, ಇಂಚಿನ ಸ್ಟೀಲ್ ಸ್ಕೇಲ್ ಸಾಕು. ಒಂದು ಪಿನ್ನಿನ ನಡುವೆ ಸೊನ್ನೆ ಇಡಿ, ಹೊಸ ಚೈನಲ್ಲಿ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ ಬರ್ತದೆ. 1/16 ಇಂಚು ದಾಟಿದ್ರೆ ಸುಮಾರು 0.5 ಪರ್ಸೆಂಟ್ ಹಿಗ್ಗಿದೆ ಅಂತ ಲೆಕ್ಕ, 1/8 ಆದ್ರೆ 1 ಪರ್ಸೆಂಟ್. 8, 9, 10 ಸ್ಪೀಡಿಗೆ 0.75 ಆಗುವಾಗ ಬದಲಾಯಿಸ್ತಾರೆ, 11, 12 ಸ್ಪೀಡಿನ ತೆಳು ಚೈನಿಗೆ 0.5ಕ್ಕೇ. ಅದೂ ಒಂದು ಖರ್ಚಿನ ವಿಷಯ, ನಮ್ಮ ಕೆಸರಿಗೆ 8 ಸ್ಪೀಡ್ ಚೈನ್ ಎಷ್ಟೋ ವಾಸಿ.

ಬಸವನಗುಡಿ_ಗೇರ್:
ಜಿಎಸ್ ಅಂದ್ರೆ ಅರ್ಧ ಕೆಲಸ ಮುಗೀತು ಸರ್! ನನ್ನ ಸಲಹೆ 11-32. 34ರ ಜಿಗಿತದ ಬಗ್ಗೆ ಮೈಸೂರಿನವರು ಹೇಳಿದ್ದು ನಿಜ, ಅದಕ್ಕೇ 8 ಸ್ಪೀಡಲ್ಲಿ ನನಗೆ 32 ಇಷ್ಟ: 11-13-15-18-21-24-28-32. ನೀವು ಈಗ ಕಡೇಲಿ ಉಪಯೋಗಿಸೋ 28 ಹಾಗೇ ಉಳಿಯತ್ತೆ, ಅದ್ರ ಕೆಳಗೆ ಇನ್ನೊಂದು ಸಿಗತ್ತೆ, ನೀವು ಕೇಳಿದ್ದು ಅದನ್ನೇ. ಮುಂದಿನ ರಿಂಗ್ ವಿಷಯ: 46/30 ಕ್ರ್ಯಾಂಕ್ ಹಾಕಿದ್ರೆ 30/28 ಅಂದ್ರೆ 1.07, 34/32 ಅಂದ್ರೆ 1.06, ಎರಡೂ ಒಂದೇ. ಆದ್ರೆ ಕ್ರ್ಯಾಂಕ್‌ಗೆ ಬಿಬಿ (ಫ್ರೇಮಿನೊಳಗೆ ಕ್ರ್ಯಾಂಕ್ ತಿರುಗೋ ಬೇರಿಂಗ್) ಹೊಂದತ್ತಾ ನೋಡ್ಬೇಕು, ಮುಂದಿನ ಡಿರೇಲರ್ ಕೆಳಗಿಳಿಸ್ಬೇಕು, ಖರ್ಚು ಎಷ್ಟೋ ಪಟ್ಟು. ಬೇಡ.

ಕ್ಯಾಸೆಟ್ ತರೋ ಮುಂಚೆ ಒಂದು ಖಾತ್ರಿ ಮಾಡ್ಕೊಳ್ಳಿ, ಚಕ್ರದಲ್ಲಿರೋದು ಕ್ಯಾಸೆಟ್ಟಾ ಫ್ರೀವೀಲಾ (ಹಬ್‌ಗೆ ತಿರುಪಿ ಕೂರಿಸೋ ಹಳೇ ಥರದ್ದು) ಅಂತ. ಚಕ್ರ ಬಿಚ್ಚಿ ಹಲ್ಲುಚಕ್ರಗಳನ್ನ ಹಿಂದಕ್ಕೆ ತಿರುಗಿಸಿ, ಟೂಲ್ ಕೂರೋ ಕಚ್ಚುಗಳು ಜೊತೇಲೇ ತಿರುಗಿದ್ರೆ ಕ್ಯಾಸೆಟ್, ಅದು ನಿಂತೇ ಇದ್ರೆ ಫ್ರೀವೀಲ್. ಕ್ಲಾರಿಸ್ ಜೊತೆ ಕ್ಯಾಸೆಟ್ಟೇ ಇರತ್ತೆ, ಆದ್ರೂ ಯಾರಾದ್ರೂ ಚಕ್ರ ಬದಲಾಯಿಸಿದ್ರೆ ಹೇಳೋಕಾಗಲ್ಲ. 8 ಸ್ಪೀಡ್ ಕ್ಯಾಸೆಟ್ 8/9/10 ಫ್ರೀಹಬ್ ಮೇಲೆ ಸ್ಪೇಸರ್ ಇಲ್ದೆ ನೇರ ಕೂರತ್ತೆ. ಲಾಕ್‌ರಿಂಗ್ ಮೇಲೆ 40 ಎನ್‌ಎಂ ಅಂತ ಬರೆದಿರತ್ತೆ, ಚೆನ್ನಾಗೇ ಬಿಗೀಬೇಕು.

ಚೈನ್ ಹೊಸದು ತಗೊಳ್ಳಿ, ಆದ್ರೆ ಹಳೇ ಚೈನ್ ಪಕ್ಕ ಇಟ್ಟು ಅದೇ ಉದ್ದಕ್ಕೆ ಕತ್ತರಿಸೋಕೆ ಬಿಡಬೇಡಿ, ಇಲ್ಲೇ ಎಲ್ರೂ ಎಡವೋದು. ಹಿಂದೆ ನಾಲ್ಕು ಹಲ್ಲು ದೊಡ್ಡದಾಗಿದೆ. ಚೈನನ್ನ ಡಿರೇಲರ್ ಒಳಗೆ ಹಾಕದೆ ಮುಂದೆ 50, ಹಿಂದೆ 32ರ ಮೇಲೆ ಸುತ್ತಿ, ಸೇರೋ ಜಾಗಕ್ಕಿಂತ ಎರಡು ಲಿಂಕ್ ಜಾಸ್ತಿ ಇಟ್ಟು ಕತ್ತರಿಸ್ಬೇಕು. ಗಿಡ್ಡ ಆದ್ರೆ ಗೊತ್ತಿಲ್ದೆ 50-32ಕ್ಕೆ ಹಾಕಿದ ದಿನ ಡಿರೇಲರ್ ಮತ್ತೆ ಹ್ಯಾಂಗರ್ ಎರಡೂ ಮುರ್ಕೊಳ್ಳತ್ತೆ. ಆಮೇಲೆ ಬಿ-ಸ್ಕ್ರೂ (ಪುಲ್ಲಿಗೂ ಹಲ್ಲುಚಕ್ರಕ್ಕೂ ನಡುವಿನ ಅಂತರ ಹೊಂದಿಸೋ ಡಿರೇಲರಿನ ಸ್ಕ್ರೂ) ಒಳಗೆ ತಿರುಗಿಸಿ ಮೇಲಿನ ಪುಲ್ಲಿ 32ರ ಹಲ್ಲಿಗೆ ತಾಗದ ಹಾಗೆ ಮಾಡ್ಕೊಳ್ಳಿ, 34-32ರಲ್ಲಿ ಹಿಂದಕ್ಕೆ ತುಳಿದು ನೋಡಿ, ಗುರ್ ಅಂತ ಸದ್ದು ಬಂದ್ರೆ ಇನ್ನೂ ಅರ್ಧ ಸುತ್ತು. ಲೋ ಲಿಮಿಟ್ ಸ್ಕ್ರೂನೂ ಒಮ್ಮೆ ನೋಡಿ, ಚೈನ್ ಕಡ್ಡಿಗಳ ಕಡೆ ಹಾರಬಾರದು.

ಹೆಬ್ರಿ_ಪೆಡಲ್:
ಸ್ಕೇಲ್ ಇಟ್ಟು ನೋಡಿದೆ, 1/16 ದಾಟಿ 1/8ರ ಹತ್ರ ಹತ್ರ ಬಂದಿದೆ. ಹಾಗಾದ್ರೆ 11-32 ಕ್ಯಾಸೆಟ್, 8 ಸ್ಪೀಡ್ ಚೈನ್, ಗೇರ್ ಕೇಬಲ್ ಮತ್ತೆ ಹೌಸಿಂಗ್, ಇಷ್ಟೇ ತರ್ತೇನೆ. ಹಳೇ 11-28 ಇಟ್ಕೊಂಡು ಘಾಟಿ ಇಲ್ಲದ ದಿನ ಹೊಸ ಚೈನ್ ಜೊತೆ ಅದನ್ನೇ ಹಾಕ್ಬಹುದಾ?

ಉಪ್ಪುಗಾಳಿ:
ಬೇಡ. ಅಷ್ಟು ಹಿಗ್ಗಿದ ಚೈನ್ ಜೊತೆ ಓಡಿದ ಕ್ಯಾಸೆಟ್ಟಿನ ಹಲ್ಲೂ ಸವೆದಿರ್ತದೆ, ಅದರಲ್ಲೂ ನೀವು ಸಪಾಟು ರಸ್ತೆಯಲ್ಲಿ ಜಾಸ್ತಿ ಓಡಿಸಿದ ಸಣ್ಣ ಹಲ್ಲುಚಕ್ರಗಳು. ಹೊಸ ಚೈನ್ ಅದರ ಮೇಲೆ ಹಾಕಿ ಎದ್ದು ನಿಂತು ತುಳಿದ್ರೆ ಜಾರಿ ಹಾರ್ತದೆ, ಬೀಳ್ತೀರಿ. 11-32 ಸಪಾಟು ರಸ್ತೆಗೂ ಸಾಕು, ಮೇಲಿನ ಗೇರ್ 50/11 ಹಾಗೇ ಉಂಟಲ್ಲ.