ಮೋಟಾರ್ ವೈಂಡಿಂಗ್ ತಂತಿ ಬಗ್ಗೆ ಗ್ರೂಪಿನಲ್ಲಿ ಕೇಳಿ: ಸಿಂಧನೂರಿನ ಮೇಸ್ತ್ರಿ ಉತ್ತರಿಸುತ್ತಾರೆ

ಗಂಗಾವತಿ: ಅಣ್ಣಾ, ಬಿಲ್ಲಿನಲ್ಲಿ "22 ಗೇಜ್, ಎಫ್ ಕ್ಲಾಸ್" ಅಂತ ಬರೆದಿದ್ದಾರೆ. ಏನದು?

ಮೇಸ್ತ್ರಿ: 22 ಗೇಜ್ ಅಂದರೆ ಬರೀ ತಾಮ್ರದ ದಪ್ಪ, 0.711 ಮಿ.ಮೀ. ಎನಾಮಲ್, ಅಂದರೆ ಕರೆಂಟ್ ಹಾಯದ ತೆಳು ಲೇಪ, ಅದರ ಮೇಲೆ. ನಂಬರ್ ಜಾಸ್ತಿಯಾದಷ್ಟು ತಂತಿ ಸಣ್ಣ. ಎಫ್ 155 ಡಿಗ್ರಿ ಶಾಖ ತಾಳುತ್ತದೆ. ಬಿ 130, ಎಚ್ 180.

ಕಾರಟಗಿ: 19 ಗೇಜ್ ಇಲ್ಲ ಅಂತ 22ರದು ಎರಡೆಳೆ ಹಾಕಿದ್ದಾರೆ. ಮೋಸ ಅಲ್ವಾ?

ಮೇಸ್ತ್ರಿ: ಅಲ್ಲ. ಎರಡೂ ಸೇರಿದರೆ ತಾಮ್ರ ಹೆಚ್ಚುಕಮ್ಮಿ ಅಷ್ಟೇ.

ಸಿರುಗುಪ್ಪ: ಬೋರಿನ 5 ಎಚ್‌ಪಿ ಸಬ್‌ಮರ್ಸಿಬಲ್, ನೀರು ತುಂಬುವಂಥದ್ದು. ರಿವೈಂಡ್ ಮಾಡಿಸಿ ವಾರದಲ್ಲೇ ಸುಟ್ಟಿತು. ಬಿಚ್ಚಿದರೆ ಹೊಳೆಯುವ ಕಂದು ತಂತಿ. ಮೊದಲು ಬಿಳಿ ಪ್ಲಾಸ್ಟಿಕ್ ಸುತ್ತಿದ ತಂತಿ ಇತ್ತು. ಪೈಪ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು.

ಮೇಸ್ತ್ರಿ: ಮೊದಲು ಮೇನ್ ಆಫ್ ಮಾಡಿ, ಸ್ಟಾರ್ಟರ್‌ನಿಂದ ಕೇಬಲ್ ಕಳಚಿ. ಪೈಪಿಗೆ ಕರೆಂಟ್ ಬಂದಿದೆ ಅಂದರೆ ಜೀವಕ್ಕೇ ಅಪಾಯ. ಮಕ್ಕಳನ್ನು, ದನಗಳನ್ನು ಆ ಕಡೆ ಬಿಡಬೇಡಿ.

ನಿಮಗೆ ಹಾಕಿದ್ದು ಎನಾಮಲ್ ತಂತಿ. ಅದು ಮನೆ ಪಂಪು, ಫ್ಯಾನಿನಂಥ ಒಣ ಮೋಟಾರಿಗೆ. ಎಣ್ಣೆ ತುಂಬಿದ ಸಬ್‌ಮರ್ಸಿಬಲ್ಲಿಗೂ ನಡೆಯುತ್ತದೆ. ನಿಮ್ಮದರಲ್ಲಿ ತಂತಿ ನೀರಿನಲ್ಲೇ ಮುಳುಗಿರುತ್ತದೆ. ಸ್ಲಾಟಿಗೆ, ಅಂದರೆ ತಂತಿ ಕೂರುವ ಸೀಳಿಗೆ, ತೂರಿಸುವಾಗ ಎನಾಮಲ್ ಕೂದಲೆಳೆಯಷ್ಟು ಗೀರಿದರೂ ನೀರು ತಾಮ್ರಕ್ಕೆ ತಾಗುತ್ತದೆ. ಅದಕ್ಕೇ ಪಾಲಿಯೆಸ್ಟರ್ ಫಿಲ್ಮ್, ಅದರ ಮೇಲೆ ಪಾಲಿಪ್ರೊಪಿಲೀನ್ ಟೇಪ್ ಸುತ್ತಿದ ತಂತಿ ಬೇಕು. ಸುರುಳಿಯ ಮೇಲೆ ಈ ತಂತಿಯ ಭಾರತೀಯ ಮಾನಕದ ನಂಬರ್ ಐಎಸ್ 8783 ಇದೆಯಾ ನೋಡಿ. ಆ ತಂತಿ ಎನಾಮಲ್‌ನಷ್ಟು ಶಾಖ ತಾಳುವುದಿಲ್ಲ, ಹಾಗಾಗಿ ಮೋಟಾರಿನೊಳಗೆ ನೀರು ತುಂಬಿಸದೆ ಬೋರಿಗೆ ಇಳಿಸಬೇಡಿ. ಹಳೇ ಸ್ಟೇಟರ್ (ತಂತಿ ಸುತ್ತಿದ, ತಿರುಗದ ಭಾಗ) ಎಸೆಯಬೇಡಿ, ತನ್ನಿ.

ಮಾನ್ವಿ: ಫಾರ್ವರ್ಡ್ ಬಂದಿದೆ ನೋಡಿ: "ಮೋಟಾರ್ ಒದ್ದೆಯಾದರೆ ಡೀಸೆಲ್ ಹಾಕಿ ತೊಳೆದು ಕೂಡಲೇ ಚಾಲೂ ಮಾಡಿ, ತೇವ ಹೋಗುತ್ತದೆ."

ಮೇಸ್ತ್ರಿ: ತೇವದ ಜೊತೆ ಮನೆಯೂ ಹೋಗುತ್ತದೆ. ಇಂಥದ್ದನ್ನು ಇಲ್ಲಿ ಹಾಕಲೇಬೇಡಿ. ಬಿಚ್ಚಿ, ಬಲ್ಬಿನ ಶಾಖದಲ್ಲಿ ಒಣಗಿಸಿ, ಮೆಗ್ಗರ್ (ಕರೆಂಟ್ ಸೋರುತ್ತದೆಯೇ ಅಂತ ಅಳೆಯುವ ಮೀಟರ್) ಹಿಡಿಸಿ. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಚಾಲೂ ಬೇಡ.

ರಾಯಚೂರು: ಅಲ್ಯುಮಿನಿಯಂ ತಂತಿ ಅಗ್ಗ. ತಾಮ್ರ ತಾಮ್ರ ಅನ್ನೋದೆಲ್ಲ ಸುಮ್ನೆ ಬಿಲ್ಲು ಏರಿಸೋಕೆ.

ಕಾರಟಗಿ: ನಿಮ್ಮ ಮೋಟಾರಿಗೆ ಹಾಕಿಸಿಕೊಂಡಿದ್ದೀರಾ?

ರಾಯಚೂರು: ನಿಮ್ಮನ್ನು ಯಾರು ಕೇಳಿದರು?

ಮೇಸ್ತ್ರಿ: ಅಷ್ಟೇ ಕರೆಂಟಿಗೆ ಅಲ್ಯುಮಿನಿಯಂ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 1.6 ಪಟ್ಟು ಬೇಕು. ತಾಮ್ರಕ್ಕೆ ಕೊರೆದ ಸ್ಲಾಟಿನಲ್ಲಿ ಜಾಗ ಎಲ್ಲಿದೆ?

ರಾಯಚೂರು: ಅಂಗಡಿಯವರು ಅಂಗಡಿಯ ಮಾತೇ ಆಡೋದು.

ಕುಷ್ಟಗಿ: ಸರ್, 22 ಗೇಜ್ ಅಂದ್ರೆ ಏನು?

ಮೇಸ್ತ್ರಿ: ಮೇಲಿದೆ.

ಕೊಪ್ಪಳ: ತಾಮ್ರ ಲೇಪಿಸಿದ ಅಲ್ಯುಮಿನಿಯಂ ಕೊಟ್ಟರೆ ಪತ್ತೆ ಹಚ್ಚೋದು ಹೇಗೆ?

ಕಾರಟಗಿ: ರಾಯಚೂರಿನವರನ್ನೇ ಕೇಳಿ.

ರಾಯಚೂರು: ಅಡ್ಮಿನ್, ಇವರನ್ನು ತೆಗೀರಿ.

ಸಿರುಗುಪ್ಪ: ಮೇಸ್ತ್ರಿ, ಕೇಬಲ್ ಕಳಚಿದೆ. ಸ್ಟೇಟರ್ ಎಷ್ಟೊತ್ತಿಗೆ ತರಲಿ?

ಮೇಸ್ತ್ರಿ: ಬೆಳಿಗ್ಗೆ 9ಕ್ಕೆ. ಸುತ್ತಿದವರ ಬಿಲ್ಲೂ ತನ್ನಿ.